ಸರೋಜಿನಿ ನಗರದಲ್ಲಿ ಬೀಳದ ಬೆಂಕಿ

ಆ ಭಾನುವಾರ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಂಕಿ ಬೀಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಯಾಕೆಂದರೆ ಬಿತ್ತು ಎಂದು ಇವತ್ತಿಗೂ ಆಣೆ ಮಾಡಿ ಹೇಳುವವರು ಆ ಬ್ಲಾಕಿನಲ್ಲಿದ್ದಾರೆ. ಕಿಟಕಿಯಿಂದ ಜ್ವಾಲೆ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡೆ ಎನ್ನುವವರೂ ಒಬ್ಬರಿದ್ದಾರೆ. ಅವರು ಆ ದಿನ ಫರೀದಾಬಾದಿನಲ್ಲಿ ಸೋದರಳಿಯನ ಮದುವೆಯಲ್ಲಿದ್ದರು ಎಂಬುದು ಬೇರೆ ಮಾತು.

ಬೆಂಕಿ ಬೀಳದಿದ್ದರೂ ಅಗ್ನಿಶಾಮಕ ದಳ ಗಂಟೆ ಬಾರಿಸಿಕೊಂಡು ಬಂತು, ಪೊಲೀಸರು ಬಂದರು, ಒಬ್ಬ ಸಭ್ಯ ಗೃಹಸ್ಥರ ಮೇಲೆ ಮನೆ ಸುಟ್ಟ ಆಪಾದನೆ ಬಂತು, ಇನ್ನೊಬ್ಬ ಸಭ್ಯ ಗೃಹಸ್ಥರ ಮೇಲೆ ಮಾಟ ಮಾಡಿಸಿದ ಆಪಾದನೆ ಬಂತು. ಇಷ್ಟಕ್ಕೂ ಕಾರಣ ಎರಡನೇ ಮಹಡಿಯ ದಕ್ಷಿಣಾಮೂರ್ತಿಗಳು ಎಂದು ಎಲ್ಲರೂ ಹೇಳುತ್ತಾರೆ. ದಕ್ಷಿಣಾಮೂರ್ತಿಗಳನ್ನು ಕೇಳಿದರೆ ಕಾರಣ ಯಮುನಾ ಯುನೈಟೆಡ್ ತಂಡದ ಸೆಂಟರ್ ಫಾರ್ವರ್ಡ್ ಬಲ್ಜೀತ್.

ದಕ್ಷಿಣಾಮೂರ್ತಿಗಳು ಶಿರಾ ಕಡೆಯವರು. ಕೇಂದ್ರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಒದ್ದವರಲ್ಲ. ಒದೆಯಬೇಕೆಂಬ ಆಸೆಯೂ ಅವರಿಗಿರಲಿಲ್ಲ. ದೆಹಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ಆಫೀಸಿಗೆ ಹೋಗುವ ಚಾರ್ಟರ್ಡ್ ಬಸ್ಸಿನ ಗೆಳೆಯನೊಬ್ಬ ಒಂದು ಸಂಜೆ ಅವರನ್ನು ಫುಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದ. ಗೆಳೆಯನಿಗೆ ಆ ಹುಚ್ಚು ಎರಡು ತಿಂಗಳಲ್ಲಿ ಬಿಟ್ಟಿತು, ಇವರಿಗೆ ಹತ್ತಿಕೊಂಡಿತು. ಯಮುನಾ ಯುನೈಟೆಡನ್ನೇ ಯಾಕೆ ಆರಿಸಿಕೊಂಡಿರಿ ಎಂದರೆ, "ಅವರ ಸ್ಟ್ಯಾಂಡಿನಲ್ಲಿ ಯಾವಾಗ ಹೋದರೂ ಕೂತ್ಕೊಳ್ಳೋಕೆ ಜಾಗ ಸಿಗತ್ತೆ" ಎನ್ನುತ್ತಿದ್ದರು. ಜಾಗ ಯಾಕೆ ಸಿಗುತ್ತಿತ್ತು ಎಂದು ಆಗಲೇ ವಿಚಾರಿಸಿದ್ದರೆ ಈ ಕಥೆ ನಡೆಯುತ್ತಿರಲಿಲ್ಲ.

ಯಮುನಾ ಯುನೈಟೆಡ್ ಗೋಲು ಹೊಡೆಯುತ್ತಿರಲಿಲ್ಲ. ಹಿಂದೆ ಆಡುವವರು ಗಟ್ಟಿಗರು, ಗೋಲ್‌ಕೀಪರಂತೂ ಹುಲಿ. ನಡುವೆ ಆಡುವವರು ಬೆವರು ಸುರಿಸಿ ಚೆಂಡನ್ನು ಎದುರಾಳಿಯ ಬಾಗಿಲಿನವರೆಗೆ ತಂದು ಕೊಡುತ್ತಿದ್ದರು. ಅಲ್ಲಿ ಬಲ್ಜೀತ್ ನಿಂತಿರುತ್ತಿದ್ದ. ಆರಡಿ ಎತ್ತರ, ಕಬ್ಬಿಣದಂಥ ತೊಡೆ, ಹಳದಿ ಅಂಗಿಯ ಬೆನ್ನ ಮೇಲೆ ಒಂಬತ್ತನೇ ನಂಬರು. ಚೆಂಡು ಕಾಲಿಗೆ ಸಿಕ್ಕ ಕೂಡಲೇ ಅವನಿಗೆ ಯೋಚನೆ ಹತ್ತಿಕೊಳ್ಳುತ್ತಿತ್ತು. ಫೈಲು ಮುಂದೆ ಬಂದಾಗ ಅಂಡರ್ ಸೆಕ್ರೆಟರಿ ಮಾಡುವ ಹಾಗೆ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮೇಲಿನವರನ್ನೊಮ್ಮೆ ನೆನೆಸಿಕೊಂಡು ಅವನು ಕಾಲೆತ್ತುವಷ್ಟರಲ್ಲಿ ಚೆಂಡು ಎದುರಾಳಿಗಳ ಪಾಲಾಗಿ ಅರ್ಧ ಮೈದಾನ ದಾಟಿರುತ್ತಿತ್ತು.

ಈ ಕಥೆ ನಡೆದ ವರ್ಷದ ಲೀಗಿನಲ್ಲಿ, ಕೊನೆಯ ಪಂದ್ಯದ ಹಿಂದಿನವರೆಗೆ, ತಂಡ ಹೊಡೆದದ್ದು ಒಂದೇ ಗೋಲು. ಅದು ಬಿದ್ದಾಗ ದಕ್ಷಿಣಾಮೂರ್ತಿಗಳು ಮೈದಾನದಲ್ಲೇ ಇದ್ದರು. ಆದರೆ ಆ ಗಳಿಗೆಯಲ್ಲಿ ಕಡಲೆಕಾಯಿ ಮಾರುವ ಭಯ್ಯಾ ಬುಟ್ಟಿ ಸಮೇತ ಅವರ ಮುಂದೆ ಬಂದು ನಿಂತಿದ್ದ. ಭಯ್ಯಾ ಪಕ್ಕಕ್ಕೆ ಸರಿದಾಗ ಆಟಗಾರರು ತಬ್ಬಿಕೊಂಡು ಕುಣಿಯುತ್ತಿದ್ದರು. ದಕ್ಷಿಣಾಮೂರ್ತಿಗಳು ಕಡಲೆಕಾಯಿ ಪೊಟ್ಟಣ ಹಿಡಿದು ಶಾಸ್ತ್ರಕ್ಕೆ ಒಂದಿಷ್ಟು ಚಪ್ಪಾಳೆ ಹೊಡೆದು ಮನೆಗೆ ಬಂದರು, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈ ಸಂಗತಿ ಆಫೀಸಿನಲ್ಲಿ ಪಕ್ಕದ ಮೇಜಿನ ಘೋಷ್ ಬಾಬುವಿನ ಕಿವಿಗೆ ಬಿದ್ದದ್ದು ಕರ್ಮ. ಘೋಷ್ ಬಾಬು ಕಲ್ಕತ್ತೆಯವರು, ಅವರ ತಂಡ ವಾರಕ್ಕೆ ಮೂರು ನಾಲ್ಕು ಗೋಲು ಹೊಡೆಯುತ್ತಿತ್ತು. ದಿನಾ ಬೆಳಿಗ್ಗೆ ಟಿಫಿನ್ ಡಬ್ಬಿ ಕೆಳಗಿಡುವ ಮುಂಚೆಯೇ ಅವರು ಕೇಳುತ್ತಿದ್ದರು: "ಮೂರ್ತಿ ದಾದಾ, ಗೋಲ್ ದೇಖಾ?" ನಗುನಗುತ್ತಲೇ ಕೇಳುತ್ತಿದ್ದರು. ದಕ್ಷಿಣಾಮೂರ್ತಿಗಳೂ ನಗುನಗುತ್ತಲೇ ಇಲ್ಲ ಎನ್ನುತ್ತಿದ್ದರು. ಮನಸ್ಸಿನಲ್ಲಿ ಮಾತ್ರ ಒಂದೇ ಪ್ರಶ್ನೆ. ಗಂಡಸಾಗಿ ಹುಟ್ಟಿ, ಒಂದು ತಂಡವನ್ನು ನಂಬಿ, ಆ ತಂಡ ಗೋಲು ಹೊಡೆದದ್ದನ್ನು ಒಮ್ಮೆಯೂ ಕಾಣದೆ ರಿಟೈರಾಗಬೇಕೆ?

ರಿಟೈರ್‌ಮೆಂಟಿನವರೆಗೂ ಕಾಯಬೇಕಾಗಿ ಬರಲಿಲ್ಲ. 2005ರ ಏಪ್ರಿಲ್‌ನಲ್ಲಿ ತಂಡದ ಮಾಲೀಕರು, ನೀರಿನ ಪಂಪು ತಯಾರಿಸಿ ದೊಡ್ಡವರಾದ ಒಬ್ಬ ಸೇಠ್, ಒಂದು ಘೋಷಣೆ ಮಾಡಿದರು. ಗೋವಾದಲ್ಲಿ ನಡೆಯುವ ಕೊನೆಯ ಪಂದ್ಯ ಗೆಲ್ಲದಿದ್ದರೆ ಯಮುನಾ ಯುನೈಟೆಡ್ ಕೆಳಗಿನ ದರ್ಜೆಗೆ ಬೀಳುತ್ತದೆ; ಬಿದ್ದರೆ ತಂಡವನ್ನು ಎತ್ತುವ ಗೋಜಿಗೆ ತಾವು ಹೋಗುವುದಿಲ್ಲ, ಅಲ್ಲಿಗೇ ಮುಚ್ಚಿಬಿಡುತ್ತಾರೆ. ಪಂದ್ಯ ಭಾನುವಾರ ಮಧ್ಯಾಹ್ನ, ಟಿವಿಯಲ್ಲಿ ನೇರಪ್ರಸಾರ. ದಕ್ಷಿಣಾಮೂರ್ತಿಗಳಿಗೆ ಉಳಿದದ್ದು ಅದೊಂದೇ ಪಂದ್ಯ. ಗೋಲು ಬಿದ್ದರೆ ಅಲ್ಲಿ ಬೀಳಬೇಕು, ನೋಡಿದರೆ ಅವತ್ತು ನೋಡಬೇಕು.

ಭಾನುವಾರ ಊಟವಾದ ಮೇಲೆ ಅವರು ದೇವರ ಮನೆಯಿಂದ ಊದುಬತ್ತಿಯ ಇಡೀ ಪ್ಯಾಕೆಟ್ಟು ತಂದು, ಒಟ್ಟಿಗೇ ಹಚ್ಚಿ, ಟಿವಿಯ ಪಕ್ಕ ಕಿಟಕಿಯಲ್ಲಿ ನಿಲ್ಲಿಸಿದರು. ಹೆಂಡತಿ ಸುಮಿತ್ರಾ ಕೆಮ್ಮುತ್ತಾ ಬಂದರು.

"ಇದೇನ್ರೀ, ಮನೇಲಿ ಯಾರಾದ್ರೂ ಹೋದ್ರಾ?"

"ಬಲ್ಜೀತನ ಕಾಲಿಗೆ."

"ಅವನ ಕಾಲಿಗೆ ಏನಾಗಿದೆ?"

"ಏನೂ ಆಗಿಲ್ಲ, ಅದೇ ತೊಂದರೆ. ಇವತ್ತಾದ್ರೂ ಏನಾದ್ರೂ ಆಗ್ಲಿ ಅಂತ."

"ನಾನು ವಿಜಯಮ್ಮನ ಮನೆಗೆ ಹೋಗ್ತೀನಪ್ಪ. ಸಂಜೆ ಅವರಲ್ಲಿ ಸತ್ಸಂಗ ಇದೆ, ಅಡುಗೆಗೆ ಕೈ ಹಾಕ್ತೀನಿ. ನೀವು ಕಿರುಚೋದನ್ನ ಕೇಳ್ತಾ ಕೂತ್ರೆ ನಂಗೆ ಬಿ.ಪಿ. ಬರತ್ತೆ. ಹರಿಣಿನೂ ಮಾರ್ಕೆಟ್‌ಗೆ ಹೋಗಿದಾಳೆ. ಆರಾಮಾಗಿ ಕಿರುಚಿಕೊಳ್ಳಿ." ಹೀಗೆ ಹೇಳಿ ಅವರು ಎದುರು ಬ್ಲಾಕಿಗೆ ಹೊರಟುಹೋದರು.

ದಕ್ಷಿಣಾಮೂರ್ತಿಗಳು ಏನೆಂದು ಕಿರುಚುತ್ತಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಫುಟ್‌ಬಾಲಿನ ಬಗ್ಗೆ ಅವರಿಗಿದ್ದ ಅಷ್ಟೂ ಜ್ಞಾನ ಒಂದೇ ಪದದಲ್ಲಿ ಅಡಗಿತ್ತು. ಬಲ್ಜೀತ್ ಯಾವಾಗ ಹೊಡೆಯಬೇಕಿತ್ತು? ಚೆಂಡು ಬಂದಾಗ. ಯಾವಾಗ ಹೊಡೆದ? ಎಲ್ಲ ಮುಗಿದ ಮೇಲೆ. ಆದ್ದರಿಂದ ಅವನು ಅವಕಾಶ ಕಳೆದಾಗಲೆಲ್ಲ ಇವರು ತೊಡೆ ತಟ್ಟಿಕೊಂಡು, "ಆಗ! ಆಗ! ಆಗ್ಲೇ ಹಾಕ್ಬೇಕಿತ್ತು!" ಎಂದು ಗೋಡೆ ಅದುರುವಂತೆ ಕೂಗುತ್ತಿದ್ದರು. ಪಕ್ಕದ ಮನೆಯ ಪಾಂಡೆಯವರು ಇದನ್ನು ದಕ್ಷಿಣದವರ ಏನೋ ಮಂತ್ರ ಎಂದು ಬಹಳ ಹಿಂದೆಯೇ ತೀರ್ಮಾನಿಸಿ, ಗೌರವದಿಂದ ಸುಮ್ಮನಿದ್ದರು. ಕೆಳಗಿನ ಒಂಬತ್ತನೇ ನಂಬರಿನ ಮನೆ ಯಾರಿಗೂ ಹಂಚಿಕೆಯಾಗದೆ ಖಾಲಿ ಬಿದ್ದಿತ್ತು. ಹಿಂದಿನ ವಾರವಷ್ಟೇ ಅಲ್ಲಿಗೆ ಜಲಂಧರದಿಂದ ಚಡ್ಡಾ ದಂಪತಿ ಬಂದಿದ್ದರು.

ಶ್ರೀಮತಿ ಚಡ್ಡಾ ಪರೋಪಕಾರಿ. ಬಂದ ವಾರದೊಳಗೆ ಬ್ಲಾಕಿನ ಮೂವರು ಹೆಂಗಸರಿಗೆ ಮೊಣಕಾಲಿನ ಎಣ್ಣೆ ಕೊಟ್ಟಿದ್ದರು, ಯಾರದೋ ಮಗುವಿನ ದೃಷ್ಟಿ ತೆಗೆದಿದ್ದರು. ಆ ಮಧ್ಯಾಹ್ನ ಅವರು ಬಾಲ್ಕನಿಯಲ್ಲಿ ಬಟ್ಟೆ ನೆನೆಹಾಕುತ್ತಿದ್ದರು. ಗೋವಾದಲ್ಲಿ ಪಂದ್ಯ ಮುಗಿಯಲು ಅರ್ಧ ಗಂಟೆಯಿತ್ತು, ಎರಡೂ ಕಡೆ ಗೋಲಿಲ್ಲ. ಬಲ್ಜೀತನ ಮುಂದೆ ಚೆಂಡು ಬಂತು. ಗೋಲ್‌ಕೀಪರ್ ಜಾರಿ ಬಿದ್ದಿದ್ದ. ಇಡೀ ಗೋಲು ತೆರೆದ ಬಾಗಿಲಿನ ಹಾಗೆ ಖಾಲಿ ಬಿದ್ದಿತ್ತು. ಬಲ್ಜೀತ್ ಯೋಚಿಸಿದ.

"ಆಗ!" ಎಂದು ದಕ್ಷಿಣಾಮೂರ್ತಿಗಳು ಕುರ್ಚಿಯಿಂದ ನೆಗೆದರು. "ಆಗ! ಆಗ! ಆಗ್ಲೇ! ಅಯ್ಯೋ, ಆಗ್ಲೇ!"

ಕೂಗು ಕಿಟಕಿಯಿಂದ ಇಳಿದು ಕೆಳಗಿನ ಬಾಲ್ಕನಿ ತಲುಪುವಷ್ಟರಲ್ಲಿ ಕೊನೆಯ ಅಕ್ಷರದ ಅಕಾರ ಎಲ್ಲೋ ಕಳೆದುಹೋಯಿತು. ಉಳಿದದ್ದು "ಆಗ್." ಹಿಂದಿಯಲ್ಲಿ ಆಗ್ ಎಂದರೆ ಬೆಂಕಿ. ಶ್ರೀಮತಿ ಚಡ್ಡಾ ತಲೆ ಎತ್ತಿ ನೋಡಿದರು. ಮೇಲಿನ ಕಿಟಕಿಯಿಂದ ದಟ್ಟವಾಗಿ ಹೊಗೆ ಬರುತ್ತಿತ್ತು. ಒಳಗೊಬ್ಬ ಮನುಷ್ಯ "ಆಗ್ ಲಗೀ, ಹಾಯ್, ಆಗ್ ಲಗೀ" ಎಂದು ಪ್ರಾಣ ಹೋಗುವಂತೆ ಅರಚುತ್ತಿದ್ದ.

"ಆಗ್ ಲಗ್ ಗಯೀ! ಮದ್ರಾಸಿ ಭಾಯಿಸಾಬ್ ಜಲ್ ರಹೇ ಹೈಂ!" ಬೆಂಕಿ ಬಿತ್ತು, ಮದ್ರಾಸಿ ಅಣ್ಣ ಸುಡುತ್ತಿದ್ದಾರೆ ಎಂದು ಅವರು ಒಂದು ಕೂಗು ಹಾಕಿದರು. ಆ ಕೂಗಿಗೆ ಮಾರ್ಕೆಟ್ಟಿನ ತನಕ ಜನ ತಿರುಗಿ ನೋಡಿದರು ಎನ್ನುತ್ತಾರೆ.

ಮುಂದಿನದು ಬಹಳ ಬೇಗ ನಡೆಯಿತು. ದಕ್ಷಿಣಾಮೂರ್ತಿಗಳು ಮತ್ತೆ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಸೋಪಿನ ನೀರಿನ ಬಕೆಟ್ಟು ಹಿಡಿದ ಶ್ರೀಮತಿ ಚಡ್ಡಾ ಒಳಗೆ ನುಗ್ಗಿ, ಹೊಗೆ ಕಂಡ ದಿಕ್ಕಿಗೆ ಗುರಿಯಿಟ್ಟು ಅದನ್ನು ಪೂರ್ತಿ ಎರಚಿಬಿಟ್ಟರು. ಅರ್ಧ ನೀರು ದಕ್ಷಿಣಾಮೂರ್ತಿಗಳ ಮೇಲೆ ಬಿತ್ತು, ಉಳಿದರ್ಧ ಟಿವಿಯ ಮೇಲೆ ಬಿತ್ತು. ಟಿವಿ ಟಪ್ ಎಂದು ಒಂದು ಸದ್ದು ಮಾಡಿ ಕಣ್ಣು ಮುಚ್ಚಿತು. ಹಿಂದೆಯೇ ಬಂದ ಅವರ ಗಂಡ ಮೀಟರ್ ಬಾಕ್ಸಿನ ಮೈನ್ ಸ್ವಿಚ್ಚು ಎಳೆದು ಇಡೀ ಬ್ಲಾಕಿನ ಕರೆಂಟು ತೆಗೆದರು. ಟಿವಿಯ ಕತ್ತಲೆ ಗಾಜಿನಲ್ಲಿ ದಕ್ಷಿಣಾಮೂರ್ತಿಗಳಿಗೆ ಕಂಡದ್ದು ನೊರೆ ಮೆತ್ತಿದ ತಮ್ಮದೇ ಮುಖ. ಏನಾಯಿತು ಎಂದು ಅವರಿಗೆ ಹೊಳೆಯಲೇ ಇಲ್ಲ, ಬಾಯಿ ತೆರೆದುಕೊಂಡೇ ನಿಂತಿದ್ದರು.

"ಶಾಕ್ ಮೇಂ ಹೈಂ ಬೇಚಾರೇ" ಎಂದು ಪಾಂಡೆಯವರು ಅವರ ಒಂದು ತೋಳು ಹಿಡಿದರು. ಇನ್ಯಾರೋ ಇನ್ನೊಂದು ತೋಳು ಹಿಡಿದರು. ಮೆಟ್ಟಿಲಿಳಿಸಿ ಅಂಗಳಕ್ಕೆ ತಂದು, ಬೇವಿನ ಮರದ ಕೆಳಗೆ ಕೂರಿಸಿ, ಬಿಸಿಲಿನಲ್ಲಿ ಅವರಿಗೊಂದು ಕಂಬಳಿ ಹೊದಿಸಿದರು. ಬ್ಲಾಕಿನ ಜನವೆಲ್ಲ ಕೈಗೆ ಸಿಕ್ಕಿದ್ದನ್ನು ಹೊತ್ತು ಕೆಳಗಿಳಿದಿದ್ದರು. ಪಾಂಡೆಯವರು ಮನೆಯಲ್ಲಿದ್ದ ಅಷ್ಟೂ ವಸ್ತುಗಳ ನಡುವೆ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಉಳಿಸಿಕೊಂಡಿದ್ದರು.

"ನಂಗೆ ಏನೂ ಆಗಿಲ್ಲ. ಮುಝೇ ಜಾನಾ ಹೈ! ಅಭೀ ಟೈಮ್ ಹೈ!" ಎಂದು ದಕ್ಷಿಣಾಮೂರ್ತಿಗಳು ಎದ್ದರು. ಎದುರು ಬ್ಲಾಕಿನಲ್ಲಿ ಕರೆಂಟಿತ್ತು. ವಿಜಯಮ್ಮನ ಮನೆಗೆ ಓಡಿದರೆ ಇನ್ನೂ ಇಪ್ಪತ್ತು ನಿಮಿಷದ ಆಟ ಸಿಗುತ್ತಿತ್ತು. ಅವರು ಮತ್ತೆ ಬೆಂಕಿಗೆ ಹಾರಲು ಹೊರಟಿದ್ದಾರೆಂದು ತಿಳಿದು ನಾಲ್ಕು ಜನ ಅವರನ್ನು ಒತ್ತಿ ಹಿಡಿದರು. ಅಷ್ಟರಲ್ಲಿ ಗಂಟೆ ಬಾರಿಸುತ್ತಾ ಅಗ್ನಿಶಾಮಕ ದಳದ ಕೆಂಪು ಗಾಡಿ ಬಂತು. ಅದರ ಹಿಂದೆ ಪೊಲೀಸ್ ಜಿಪ್ಸಿ. ಅದರಿಂದಿಳಿದವರು ಸಬ್ ಇನ್ಸ್‌ಪೆಕ್ಟರ್ ದಹಿಯಾ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಸಂಶಯ.

ಅಗ್ನಿಶಾಮಕ ದಳದವರು ಏಣಿ ಹಿಡಿದು ಮೇಲೆ ಹೋದರು. ದಹಿಯಾ ಮರದ ಕೆಳಗೆ ಬಂದರು.

"ಆಗ್ ಕಹಾಂ ಲಗೀ?"

"ಆಗ್ ನಹೀ ಸಾಬ್. ಆಗ." ದಕ್ಷಿಣಾಮೂರ್ತಿಗಳ ಹಿಂದಿ ಆಫೀಸಿನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಗಾಬರಿಯಲ್ಲಿ ಅದು ಅವರನ್ನು ನಡುನೀರಿನಲ್ಲಿ ಬಿಟ್ಟುಹೋಯಿತು.

"ವಹೀ ಪೂಛ್ ರಹಾ ಹೂಂ. ಕಹಾಂ?"

"ಆಗ ಮತ್ಲಬ್ ಆಗ್ ನಹೀ. ಆಗ ಮತ್ಲಬ್ ತಬ್!" ಆಗ ಎಂದರೆ ಆವಾಗ ಎಂದು ಬಿಡಿಸಿ ಹೇಳಿದ್ದಕ್ಕೆ ಅವರಿಗೆ ಸ್ವಲ್ಪ ಸಮಾಧಾನವಾಯಿತು.

"ಅಚ್ಛಾ. ತಬ್ ಲಗೀ ಥೀ." ದಹಿಯಾ ಮೀಸೆ ಸವರಿಕೊಂಡರು. ಬೆಂಕಿ ಆವಾಗ ಬಿತ್ತು, ಈಗ ಇಲ್ಲ. ಅವರ ಮಟ್ಟಿಗೆ ವಿಷಯ ಸ್ಪಷ್ಟವಾಗುತ್ತಿತ್ತು. "ಕಿಸ್ನೇ ಲಗಾಯೀ?"

ಲಗಾನಾ ಎಂದರೆ ಹಿಂದಿಯಲ್ಲಿ ಬೆಂಕಿ ಹಚ್ಚುವುದೂ ಹೌದು, ಗುರಿಗೆ ಹೊಡೆಯುವುದೂ ಹೌದು. ಯಾರು ಹೊಡೆದರು ಎಂದು ಕೇಳಿದ್ದೇ ತಡ, ದಕ್ಷಿಣಾಮೂರ್ತಿಗಳಿಗೆ ಇಡೀ ಲೀಗಿನ ಸಂಕಟ ಉಕ್ಕಿ ಬಂತು. "ಕಿಸೀನೇ ನಹೀ ಲಗಾಯಾ ಸಾಬ್! ವಹೀ ತೋ ಪ್ರಾಬ್ಲಂ ಹೈ! ಪೂರಾ ಸಾಲ್ ಕೋಯೀ ನಹೀ ಲಗಾಯಾ! ಸಬ್ ಬಲ್ಜೀತ್ ಕಾ ಗಲ್ತೀ. ಬಲ್ಜೀತ್ ಕೋ ಅಂದರ್ ಡಾಲ್ನಾ ಚಾಹಿಯೇ ಥಾ!"

ಇಡೀ ವರ್ಷ ಯಾರೂ ಗೋಲು ಹೊಡೆಯಲಿಲ್ಲ, ಬಲ್ಜೀತ್ ಚೆಂಡನ್ನು ಒಳಗೆ ಹಾಕಬೇಕಿತ್ತು ಎಂಬುದು ಅವರ ಮಾತಿನ ಅರ್ಥ. ಬಲ್ಜೀತನನ್ನು ಒಳಗೆ ಹಾಕಬೇಕಿತ್ತು ಎಂದು ದಹಿಯಾ ಅರ್ಥ ಮಾಡಿಕೊಂಡರು. ಇದು ವ್ಯಾಕರಣದ ತಪ್ಪು ಅಷ್ಟೇ. ಆದರೆ ಪೊಲೀಸರ ಕೈಗೆ ಸಿಕ್ಕ ವ್ಯಾಕರಣ ಅಷ್ಟಕ್ಕೇ ನಿಲ್ಲುವುದಿಲ್ಲ.

"ಕೌನ್ ಹೈ ಬಲ್ಜೀತ್?" ಎಂದು ಅವರು ಗುಡುಗಿದರು.

ಗುಂಪಿನ ನಡುವಿನಿಂದ ಒಂದು ಸಣ್ಣ ಕೈ ಮೇಲೆದ್ದಿತು. "ಜೀ, ಮೈಂ" ಎಂದರು ಶ್ರೀಮತಿ ಚಡ್ಡಾರ ಗಂಡ. ಅವರ ಪೂರ್ತಿ ಹೆಸರು ಬಲ್ಜೀತ್ ಕುಮಾರ್ ಚಡ್ಡಾ. ಕನ್ನಡಕದ, ಬಕ್ಕತಲೆಯ, ಯಾರಿಗೂ ಎದುರು ಮಾತಾಡದ ಗುಮಾಸ್ತರು.

ಎಲ್ಲರಿಗಿಂತ ಹೆಚ್ಚು ದಿಗಿಲು ಬಿದ್ದವರು ದಕ್ಷಿಣಾಮೂರ್ತಿಗಳು. "ಯೇ ನಹೀ! ಯೇ ನಹೀ! ವೋ ಬಲ್ಜೀತ್ ದೂಸ್ರಾ! ನಂಬರ್ ನೌ!"

"ನಂಬರ್ ನೌ ಕಿಸ್ಕಾ ಹೈ?"

"ಹಮಾರಾ ಹೀ ಹೈ ಜೀ" ಎಂದರು ಚಡ್ಡಾ. ಅವರ ಮನೆಯ ಬಾಗಿಲಿನ ಮೇಲೆ ಒಂಬತ್ತು ಎಂದು ದೊಡ್ಡದಾಗಿ ಬರೆದಿತ್ತು. ಪ್ರಾಮಾಣಿಕತೆಯಿಂದ ಕೆಟ್ಟವರು ಲೋಕದಲ್ಲಿ ಬೇಕಾದಷ್ಟು ಜನ.

"ಮೈನ್ ಸ್ವಿಚ್ ಕಿಸ್ನೇ ಛುಆ?"

"ಮೈನೇ ಹೀ ಜೀ." ಮುಟ್ಟಿದ್ದು ತಾವೇ ಎಂದು ಚಡ್ಡಾ ಅದನ್ನೂ ಒಪ್ಪಿಕೊಂಡರು.

ದಹಿಯಾ ಇನ್ನೇನೂ ಕೇಳಬೇಕಾಗಿರಲಿಲ್ಲ. ಶ್ರೀಮತಿ ಚಡ್ಡಾ ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡು ನಿಂತಿದ್ದೇ ಹೆಚ್ಚು. ಈಗ ಖಾಲಿ ಬಕೆಟ್ಟು ಎತ್ತಿ ಹಿಡಿದು ದಕ್ಷಿಣಾಮೂರ್ತಿಗಳ ಮುಂದೆ ಬಂದರು. "ನಾನು ನಿಮ್ಮ ಜೀವ ಉಳಿಸಿದೆ, ನೀವು ನನ್ನ ಗಂಡನನ್ನು ಜೈಲಿಗೆ ಕಳಿಸುತ್ತೀರಾ?" ಎಂಬ ಅರ್ಥದ ಪಂಜಾಬಿ ಮಾತುಗಳು ಆ ಅಂಗಳದಲ್ಲಿ ಸಾಕಷ್ಟು ಹೊತ್ತು ಮೊಳಗಿದವು. ಅರ್ಥವಾಗದ ಉಳಿದ ಮಾತುಗಳನ್ನು ಅನುವಾದಿಸಲು ಯಾರೂ ಮುಂದೆ ಬರಲಿಲ್ಲ.

ಅಷ್ಟರಲ್ಲಿ ಹರಿಣಿ ಮಾರ್ಕೆಟ್ಟಿನಿಂದ ಬಂದಳು. ಎರಡು ಕೈಯಲ್ಲೂ ಬಟ್ಟೆಯ ಚೀಲ. ಅಪ್ಪ ಕಂಬಳಿ ಹೊದ್ದು ನೊರೆ ಸುರಿಸುತ್ತಾ ಪೊಲೀಸರ ನಡುವೆ ಕೂತಿರುವುದನ್ನು ಕಂಡು ಚೀಲಗಳನ್ನು ಅಲ್ಲೇ ಬಿಟ್ಟಳು.

"ಪಪ್ಪಾ! ವಾಟ್ ಈಸ್ ದಿಸ್? ಏನ್ ಮಾಡಿದ್ರಿ?"

"ನೋಡಮ್ಮಾ, ಆಗ ಅಂದ್ರೆ ಏನು ಅಂತ ಇವರಿಗೆ ಹೇಳು."

ಹರಿಣಿ ದೆಹಲಿಯಲ್ಲೇ ಬೆಳೆದವಳು. ಅವಳಿಗೆ ಅರ್ಥವಾಗುವ ಕನ್ನಡ ಬೇಕಾದಷ್ಟಿತ್ತು, ಬಾಯಿಂದ ಬರುವುದು ಮಾತ್ರ ಕಡಿಮೆ. ಅವಳು ದಹಿಯಾ ಕಡೆ ತಿರುಗಿ ಬಹಳ ವಿಶ್ವಾಸದಿಂದ, "ಅಂಕಲ್, ಆಗ ಮೀನ್ಸ್ ದೆನ್" ಎಂದಳು.

"ದೆನ್ ಕ್ಯಾ?"

"ದೆನ್ ಕುಛ್ ನಹೀ. ಬಸ್, ದೆನ್."

"ಅರೇ, ದೆನ್ ಕುಛ್ ನಹೀ ಕೈಸೇ? ದೆನ್ ಆಗ್ ಲಗೀ ನಾ!"

ಮೇಲಿನಿಂದ ಅಗ್ನಿಶಾಮಕ ದಳದ ಅಧಿಕಾರಿ ಇಳಿದು ಬಂದರು. ಬೆಂಕಿ ಸಿಗದ ಬೇಸರ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಸಿಕ್ಕಿದ್ದನ್ನು ಅಂಗೈಯಲ್ಲಿ ಹಿಡಿದು ತಂದಿದ್ದರು: ಒದ್ದೆಯಾದ ಊದುಬತ್ತಿಯ ಒಂದು ಕಟ್ಟು. "ಪೂರಾ ಪ್ಯಾಕೆಟ್ ಏಕ್ ಸಾಥ್ ಜಲಾಯಾ ಹೈ. ಕಿಸ್ ಲಿಯೇ?" ಇಡೀ ಪ್ಯಾಕೆಟ್ಟು ಒಟ್ಟಿಗೆ ಹಚ್ಚಿದ್ದು ಯಾಕೆ ಎಂದು ಕೇಳಿದರು.

ಸತ್ಯವನ್ನೇ ಹೇಳಿದರೆ ಎಲ್ಲ ಬಗೆಹರಿಯುತ್ತದೆ ಎಂದು ದಕ್ಷಿಣಾಮೂರ್ತಿಗಳು ಆ ಹೊತ್ತಿನಲ್ಲೂ ನಂಬಿದ್ದರು. "ಬಲ್ಜೀತ್ ಕೇ ಪೈರ್ ಕೇ ಲಿಯೇ" ಎಂದರು. ಬಲ್ಜೀತನ ಕಾಲಿಗಾಗಿ.

ಎಲ್ಲರೂ ಒಟ್ಟಿಗೆ ಚಡ್ಡಾ ಅವರ ಕಾಲು ನೋಡಿದರು. ಚಡ್ಡಾ ಕೂಡ ಬಗ್ಗಿ ತಮ್ಮ ಕಾಲು ನೋಡಿಕೊಂಡರು. ದೆಹಲಿಗೆ ಬಂದಾಗಿನಿಂದ ಅವರ ಬಲಗಾಲಿನ ಮಂಡಿ ನೋಯುತ್ತಿತ್ತು. ಮೂರು ಬಗೆಯ ಎಣ್ಣೆ ತಿಕ್ಕಿದರೂ ಇಳಿದಿರಲಿಲ್ಲ.

"ಹಾಯ್ ರಬ್ಬಾ!" ಶ್ರೀಮತಿ ಚಡ್ಡಾ ಎದೆ ಬಡಿದುಕೊಂಡರು. "ಜಾದೂ ಟೋನಾ!"

ಮಾಟ ಎಂಬ ಮಾತು ಬಿದ್ದದ್ದೇ ಗುಂಪು ದಕ್ಷಿಣಾಮೂರ್ತಿಗಳಿಂದ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಅವರ ತೋಳು ಹಿಡಿದಿದ್ದ ಪಾಂಡೆಯವರು ಕೈ ಬಿಟ್ಟು ಪ್ಯಾಂಟಿಗೆ ಒರೆಸಿಕೊಂಡರು. ಇಷ್ಟು ವರ್ಷ ಗೋಡೆಯಾಚೆ ಕೇಳುತ್ತಿದ್ದ ಮಂತ್ರ ಎಂಥದೆಂದು ಅವರಿಗೆ ಈಗ ಗೊತ್ತಾಗಿತ್ತು. ದಕ್ಷಿಣಾಮೂರ್ತಿಗಳಿಗೆ ಮಾತ್ರ ಇದ್ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಅವರು ಕೈಗಡಿಯಾರ ನೋಡುತ್ತಿದ್ದರು. ಆಟ ಮುಗಿಯುವ ಹೊತ್ತು ಬಂದಿತ್ತು. ಗೋವಾದಲ್ಲಿ ಬಲ್ಜೀತ್ ಕೊನೆಯ ಬಾರಿಗೆ ಯೋಚಿಸುತ್ತಾ ನಿಂತಿರಬೇಕು ಎನಿಸಿ ಅವರಿಗೆ ಅಳು ಬಂತು. ನೊರೆಯ ದೆಸೆಯಿಂದ ಅದು ಯಾರಿಗೂ ಕಾಣಲಿಲ್ಲ.

ಎದುರು ಬ್ಲಾಕಿನಿಂದ ಸುಮಿತ್ರಾ ಓಡೋಡಿ ಬಂದದ್ದು ಆಗಲೇ. ವಿಜಯಮ್ಮ ಹೆಚ್ಚಲು ಕೊಟ್ಟಿದ್ದ ಎಲೆಕೋಸನ್ನು ಗಾಬರಿಯಲ್ಲಿ ಕೆಳಗಿಡುವುದನ್ನೂ ಮರೆತು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. "ಗಂಟೆ ಸದ್ದು ಕೇಳಿ ಯಾರ ಮನೆಗೋ ಅಂದ್ಕೊಂಡೆ. ಈಗ ಕಿಟಕೀಲಿ ನೋಡ್ತೀನಿ, ನಮ್ಮನೇದೇ! ಏನ್ರೀ ಇದು ಅವತಾರ?" ಎಂದರು. ಹರಿಣಿ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ನಡೆದದ್ದನ್ನು ಒದರಿದಳು. ಸುಮಿತ್ರಾ ದಹಿಯಾ ಕಡೆ ತಿರುಗಿದರು.

"ಸಾಬ್, ಯೇ ಮ್ಯಾಚ್ ದೇಖ್ ರಹೇ ಥೇ. ಬಲ್ಜೀತ್ ಖಿಲಾಡಿ ಹೈ." ಇವರು ನೋಡುತ್ತಿದ್ದದ್ದು ಪಂದ್ಯ, ಬಲ್ಜೀತ್ ಒಬ್ಬ ಆಟಗಾರ.

ಇದು ಮೊದಲೇ ಯಾರಿಗೂ ಯಾಕೆ ಹೊಳೆಯಲಿಲ್ಲ ಎಂಬುದಕ್ಕೆ ಉತ್ತರವಿಲ್ಲ. ದಹಿಯಾ ಮೀಸೆಯ ಮೇಲಿದ್ದ ಕೈ ಕೆಳಗಿಳಿಸಿದರು.

"ಮ್ಯಾಚ್? ಆಜ್ ತೋ ಇಂಡಿಯಾ ಕಾ ಮ್ಯಾಚ್ ನಹೀ ಹೈ."

"ಕ್ರಿಕೆಟ್ ನಹೀ. ಫುಟ್‌ಬಾಲ್."

"ಫುಟ್‌ಬಾಲ್?"

ಆ ಅಂಗಳದಲ್ಲಿ ಅಂದು ಜನ ಎಷ್ಟೋ ಸಲ ಬೆಚ್ಚಿಬಿದ್ದಿದ್ದರು. ಮನೆ ಸುಟ್ಟದ್ದನ್ನು ನಂಬಿದ್ದರು, ಮಾಟವನ್ನೂ ನಂಬಿದ್ದರು. ಕೇಂದ್ರ ಸರ್ಕಾರದ ಗೆಜೆಟೆಡ್ ಅಧಿಕಾರಿಯೊಬ್ಬರು ರಜದ ದಿನ ಕೂತು ದೆಹಲಿಯ ಫುಟ್‌ಬಾಲ್ ತಂಡದ ಆಟ ನೋಡುತ್ತಾರೆ ಎಂಬುದನ್ನು ಮಾತ್ರ ಯಾರೂ ನಂಬಲಿಲ್ಲ. "ದಿಲ್ಲೀ ಕೀ ಫುಟ್‌ಬಾಲ್ ಟೀಮ್ ಹೈ ಕ್ಯಾ?" ದೆಹಲಿಗೂ ಒಂದು ಫುಟ್‌ಬಾಲ್ ತಂಡವಿದೆಯೇ ಎಂದು ಅಗ್ನಿಶಾಮಕ ದಳದ ಅಧಿಕಾರಿ ಪಾಂಡೆಯವರನ್ನು ಮೆಲ್ಲಗೆ ಕೇಳಿದರು. ಪಾಂಡೆಯವರಿಗೂ ಗೊತ್ತಿರಲಿಲ್ಲ.

"ಹಾಂ, ಅಂದ್ಹಾಗೆ" ಎಂದರು ಸುಮಿತ್ರಾ ಗಂಡನ ಕಡೆ ತಿರುಗಿ. "ನಿಮ್ಮ ಬಲ್ಜೀತ ಗೋಲು ಹೊಡೆದ."

ದಕ್ಷಿಣಾಮೂರ್ತಿಗಳ ಕಂಬಳಿ ಕೆಳಗೆ ಬಿತ್ತು.

"ಏನಂದೆ?"

"ವಿಜಯಮ್ಮ ಕನ್ನಡ ಚಾನೆಲ್ ಹುಡುಕ್ತಾ ಇದ್ರು. ರಿಮೋಟು ಅಲ್ಲೇ ನಿಂತ್ಬಿಡ್ತು. ಏನ್ ಒತ್ತಿದ್ರೂ ಬದಲಾಗ್ಲೇ ಇಲ್ಲ. ನೋಡಿದ್ರೆ ನಿಮ್ಮ ಹಳದಿ ಅಂಗಿಯವರು. ಗೋಲು ಬಿತ್ತು, ಸೀಟಿ ಊದಿದ್ರು, ಎಲ್ಲ ತಬ್ಬಿಕೊಂಡು ಅಳ್ತಾ ಇದ್ರು. ಗೆದ್ರಂತೆ."

ದಕ್ಷಿಣಾಮೂರ್ತಿಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಂಡ ಉಳಿದಿತ್ತು. ಬಲ್ಜೀತ್ ಹೊಡೆದಿದ್ದ. ಆ ಗೋಲನ್ನು ನೋಡಿದವರು ಇಡೀ ಸರೋಜಿನಿ ನಗರದಲ್ಲಿ ಇಬ್ಬರೇ, ಅವರಲ್ಲೊಬ್ಬಳು ಫುಟ್‌ಬಾಲೆಂದರೆ ಬಿ.ಪಿ. ಬರುವ ತಮ್ಮ ಹೆಂಡತಿ. ಟಿವಿ ಸತ್ತಿತ್ತು. ರಾತ್ರಿಯ ಸುದ್ದಿಯಲ್ಲಿ ಯಮುನಾ ಯುನೈಟೆಡ್ಡನ್ನು ತೋರಿಸುವಷ್ಟು ದಡ್ಡ ಚಾನೆಲ್ಲು ಭಾರತದಲ್ಲಿ ಇರಲಿಲ್ಲ. ಅವರು ಸುಮಿತ್ರಾರ ಎರಡೂ ಭುಜ ಹಿಡಿದರು.

"ಹೇಗೆ ಹೊಡೆದ? ಯಾವ ಕಾಲು? ಎಡಗಾಲಾ, ಬಲಗಾಲಾ?"

"ಕಾಲೇ ಅಲ್ಲ ಕಣ್ರೀ."

"ತಲೇಲಾ?"

"ತಲೇನೂ ಅಲ್ಲ. ಅವನು ಆ ಕಡೆ ನೋಡ್ತಾನೇ ಇರ್ಲಿಲ್ಲ. ಗೋಲಿಗೆ ಬೆನ್ನು ಹಾಕಿ, ಸೊಂಟದ ಮೇಲೆ ಕೈ ಇಟ್ಕೊಂಡು ಯಾರ ಹತ್ರಾನೋ ಜಗಳ ಆಡ್ತಿದ್ದ. ಮೂಲೆಯಿಂದ ಒಬ್ಬ ಒದ್ದ. ಬಂದು ಇವನ ಬೆನ್ನಿಗೆ ಬಡೀತು. ಒಳಗೆ ಹೋಯ್ತು."

"ಇಲ್ಲ, ಸಾಧ್ಯವೇ ಇಲ್ಲ. ಬೆನ್ನಿಗೆ ಬಡಿದರೆ ಒಳಗೆ ಹೇಗೆ ಹೋಗತ್ತೆ?"

"ಹೋಯ್ತು ಅಂದ್ರೆ ಹೋಯ್ತು. ಬೇಕಾದ್ರೆ ತೋರಿಸ್ತೀನಿ."

ಹರಿಣಿ ಇದನ್ನೆಲ್ಲ ಹಿಂದಿಯಲ್ಲಿ ಹೇಳಿದ ಮೇಲೆ ಅಂಗಳದ ಕುತೂಹಲ ತಡೆಯದಾಯಿತು. ಬೆಂಕಿ ನೋಡಲು ಬಂದು ಏನೂ ನೋಡದ ಜನ. ಮೊದಲು ಮುಂದೆ ಬಂದವರು ದಹಿಯಾ. "ಚಲೋ, ದಿಖಾಓ" ಎಂದು ಜಾಗ ತೆರವು ಮಾಡಿಸಿದರು. ಗೋಲಿಗೆ ಎರಡು ಕಂಬ ಬೇಕಿತ್ತು. ಒಂದು ಕಡೆ ತಾವೇ ನೆಟ್ಟಗೆ ನಿಂತು, ಇನ್ನೊಂದು ಕಡೆ ಅಗ್ನಿಶಾಮಕ ದಳದ ಅಧಿಕಾರಿಯನ್ನು ನಿಲ್ಲಿಸಿದರು. ನಡುವೆ ಚಡ್ಡಾ ಅವರು, ಆಪಾದನೆಯಿಂದ ಮುಕ್ತರಾದ ಸಂತೋಷದಲ್ಲಿ, ಯಾರೂ ಕೇಳದಿದ್ದರೂ ಹೋಗಿ ಗೋಲ್‌ಕೀಪರಾದರು. "ಸಂಭಾಲ್ ಕೇ ಜೀ, ಗೋಡಾ!" ಎಂದು ಶ್ರೀಮತಿ ಚಡ್ಡಾ ಗಂಡನ ಮಂಡಿಯ ಬಗ್ಗೆ ಎಚ್ಚರಿಸಿದರು.

ಸುಮಿತ್ರಾ ಗಂಡನನ್ನು ಗೋಲಿಗೆ ಬೆನ್ನು ಮಾಡಿ ನಿಲ್ಲಿಸಿ, ಅವರ ಕೈಗಳನ್ನು ಸೊಂಟದ ಮೇಲಿಟ್ಟರು. "ಹೀಗೇ ನಿಂತಿದ್ದ. ಅಲ್ಲಾಡಬೇಡಿ. ಹಿಂದೆ ತಿರುಗಬೇಡಿ, ಅವನು ತಿರುಗಲಿಲ್ಲ." ಆಮೇಲೆ ಎಲೆಕೋಸು ಹಿಡಿದು ಹಿಂದಿನ ಮೂಲೆಗೆ, ಬೇವಿನ ಮರದ ಆಚೆಗೆ ಹೋದರು.

ದಕ್ಷಿಣಾಮೂರ್ತಿಗಳು ಹೇಳಿದ ಹಾಗೇ ನಿಂತರು. ಎದುರಿಗೆ ಕೆಂಪು ಗಾಡಿಯ ಬಾನೆಟ್ಟೊಂದೇ ಕಾಣುತ್ತಿತ್ತು. ಅವರ ಬೆನ್ನಿಗೆ ದೊಪ್ಪೆಂದು ಏನೋ ಬಡಿಯಿತು. ಆಮೇಲೆ ಎದ್ದ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು.

ಅವರು ತಿರುಗಿದಾಗ ದಹಿಯಾ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು. ಅಗ್ನಿಶಾಮಕ ದಳದ ಅಧಿಕಾರಿ ಹೆಲ್ಮೆಟ್ಟನ್ನು ಗಾಳಿಗೆ ಎಸೆದಿದ್ದರು. ಚಡ್ಡಾ ನೆಲದ ಮೇಲೆ ಉದ್ದಕ್ಕೆ ಮಲಗಿ ನಗುತ್ತಿದ್ದರು, ಅವರ ಹೆಂಡತಿ ಹರಿಣಿಯನ್ನು ತಬ್ಬಿಕೊಂಡು "ಕ್ಯಾ ಗೋಲ್ ಥಾ! ಕ್ಯಾ ಗೋಲ್ ಥಾ!" ಎನ್ನುತ್ತಿದ್ದರು. ಎಲೆಕೋಸು ಎಲ್ಲರ ಹಿಂದೆ, ಗೋಡೆಯ ಬುಡದಲ್ಲಿ, ಆಗಲೇ ಉರುಳುವುದನ್ನು ನಿಲ್ಲಿಸಿತ್ತು.

"ಹೋಯ್ತಾ? ಎಲ್ಲಿಂದ ಹೋಯ್ತು? ಹೇಗ್ಹೋಯ್ತು?" ದಕ್ಷಿಣಾಮೂರ್ತಿಗಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಸುತ್ತ ತಿರುಗಿದರು.

ಸುಮಿತ್ರಾ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ, ನೀವು ನೋಡ್ಲೇ ಇಲ್ವಾ?"